ಸಣ್ಣ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸೀ ಅನಿಮೋನ್ ಸಾಕಬಹುದೇ?

ಹೂವಿನಂತೆ ಕಾಣುವ ಈ ಕಡಲಪ್ರಾಣಿಯನ್ನು ಸಾಕಬಹುದು, ಆದರೆ ಹೊಸ ತೊಟ್ಟಿಯಲ್ಲಿ ದಯವಿಟ್ಟು ಬೇಡ. ತೊಟ್ಟಿ ಆರು ತಿಂಗಳಾದರೂ ಹಳೆಯದಾಗಿ, ನೀರಿನ ಗುಣ ಸ್ಥಿರಗೊಂಡಿರಬೇಕು. ಜೀವಿಗಳ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಲ್ಲಿರಲಿ. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ.

ಸಣ್ಣ ತೊಟ್ಟಿಯ ನಿಜವಾದ ಶತ್ರು ಆವಿ. ನೀರು ಆರಿಹೋದರೂ ಉಪ್ಪು ಉಳಿಯುತ್ತದೆ, ಲವಣಾಂಶ ಏರುತ್ತದೆ. ಅದಕ್ಕೇ ದಿನವೂ ಶುದ್ಧ ಸಿಹಿನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಉಪ್ಪುನೀರನ್ನಲ್ಲ. ಎಷ್ಟೋ ಅನಿಮೋನ್‌ಗಳು ಸಾಯುವುದು ಈ ಒಂದು ತಪ್ಪಿನಿಂದ.

ಬೆಳಕು ಪ್ರಖರವಾಗಿರಬೇಕು, ಏಕೆಂದರೆ ಅನಿಮೋನ್‌ನ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳೇ ಆಹಾರದ ಬಹುಪಾಲನ್ನು ಒದಗಿಸುತ್ತವೆ. ಮೈ ಬಿಳಿಚಿಕೊಂಡರೆ ಆ ಪಾಚಿಗಳು ನಶಿಸುತ್ತಿವೆ ಎಂದರ್ಥ. ವಾರಕ್ಕೊಮ್ಮೆ ಸಿಗಡಿಯ ಚಿಕ್ಕ ಚೂರು ಕೊಟ್ಟರೆ ಸಾಕು.

ಅನಿಮೋನ್ ನಡೆಯುತ್ತದೆ! ಜಾಗ ಹಿಡಿಸದಿದ್ದರೆ ಪಾದ ಜರುಗಿಸುತ್ತಾ ಹೊರಡುತ್ತದೆ. ಪಂಪಿನ ಬಾಯಿಗೆ ಸಿಕ್ಕರೆ ಛಿದ್ರವಾಗಿ ಇಡೀ ತೊಟ್ಟಿಯ ನೀರನ್ನೇ ಕೆಡಿಸುತ್ತದೆ. ಪಂಪಿಗೆ ಸ್ಪಂಜಿನ ಹೊದಿಕೆ ಹಾಕಿ, ಅನಿಮೋನ್ ಕುಟುಕುವುದರಿಂದ ಹವಳಗಳನ್ನು ದೂರವಿಡಿ.

ಆರಂಭಿಕರಿಗೆ ನನ್ನ ಆಯ್ಕೆ ಬಬಲ್ ಟಿಪ್ ಅನಿಮೋನ್ (ತುದಿ ಗುಳ್ಳೆಯಂತೆ ಉಬ್ಬುವ ಬಗೆ), ಅದೂ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಅನಿಮೋನ್‌ನ ಆಸರೆಯಲ್ಲಿ ಬದುಕುವ ಕ್ಲೌನ್ ಮೀನು ಜೊತೆಗಿರಲೇಬೇಕೆಂಬ ನಿಯಮವಿಲ್ಲ.