ಕಾರ್ಕಳದ ತಮ್ಮನಿಗೆ, ದುಬೈಯ ಫ್ರೀ ವೀಸಾ ಬಗ್ಗೆ

ತಮ್ಮಾ, ನಿನ್ನ ಮೆಸೇಜ್ ಬಂದು ನಾಲ್ಕು ದಿನ ಆಯಿತು. ತಡವಾಯಿತು ಅಂತ ಬೇಜಾರು ಮಾಡಬೇಡ. ಬಾ ಅಂತಲೋ ಬೇಡ ಅಂತಲೋ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಎರಡು ಸಲ ಟೈಪ್ ಮಾಡಿ ಅಳಿಸಿದೆ.

ಒಬ್ಬ ಏಜೆಂಟ್ ನಿನಗೆ ಎರಡು ವರ್ಷದ ಫ್ರೀ ವೀಸಾ ಮಾಡಿಸಿಕೊಡುತ್ತಾನಂತೆ, 1 ಲಕ್ಷ 40 ಸಾವಿರಕ್ಕೆ. ಕಂಪನಿ ಬರೀ ಹೆಸರಿಗೆ, ಇಲ್ಲಿಗೆ ಬಂದ ಮೇಲೆ ಯಾರ ಹತ್ತಿರ ಬೇಕಾದರೂ ದುಡಿಯಬಹುದಂತೆ. ತೆಗೆದುಕೊಳ್ಳಲಾ ಅಣ್ಣ ಅಂತ ಕೇಳಿದ್ದೀಯ. ಜೊತೆಗೆ ರೂಮಿಗೆ ಎಷ್ಟು, ಊಟ ಹೇಗೆ, ಸೆಕೆ ತಡೆಯಬಹುದಾ, ಬೈಕ್ ಡೆಲಿವರಿ ಹೇಗೆ, ಬರುವಾಗ ಎಂತ ತರಬೇಕು ಅಂತಲೂ ಕೇಳಿದ್ದೀಯ.

ಸಣ್ಣದನ್ನು ಮೊದಲು ಮುಗಿಸುತ್ತೇನೆ. ದೇರಾ ಕಡೆ ಬೆಡ್ ಸ್ಪೇಸ್ ತಿಂಗಳಿಗೆ 700, 800 ದಿರ್ಹಮ್ ಹಿಡಿ. ಬೆಡ್ ಸ್ಪೇಸ್ ಅಂದರೆ ರೂಮಲ್ಲ, ಒಂದು ಮಂಚ. ಕೆಳಗಿನ ಮಂಚಕ್ಕೆ ಸ್ವಲ್ಪ ಜಾಸ್ತಿ. ಊಟಕ್ಕೆ ನಮ್ಮ ಕಡೆಯವರ ಮೆಸ್ ಸಿಗುತ್ತದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಎಲ್ಲ ಉಂಟು, ರುಚಿ ಮಾತ್ರ ಕೇಳಬೇಡ. ಸೆಕೆ ನಮ್ಮ ಏಪ್ರಿಲ್ ತಿಂಗಳ ಸೆಕೆಯ ಹಾಗಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮವೇ ಉಂಟು. ದೊಡ್ಡ ಸೈಟುಗಳಲ್ಲಿ ಪಾಲಿಸುತ್ತಾರೆ.

ಡೆಲಿವರಿ ಕೆಲಸಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಬೈಕಿನ ಡಬ್ಬದ ಮೇಲೆ ಆಪ್‌ನ ಹೆಸರು ದೊಡ್ಡದಾಗಿ ಇರುತ್ತದೆ. ಹುಡುಗನ ವೀಸಾ ಮಾತ್ರ ನಡುವಿನ ಯಾವುದೋ ಸಣ್ಣ ಕಂಪನಿಯದ್ದು. ಹೆಚ್ಚಿನವರಿಗೆ ಒಂದು ಆರ್ಡರಿಗೆ ಇಷ್ಟು ಅಂತ ಲೆಕ್ಕ. ಬೈಕಿನ ಬಾಡಿಗೆ, ದಂಡ ಎಲ್ಲ ಕಳೆದು ಉಳಿದದ್ದು ಅವನಿಗೆ. ಈಗ ದುಬೈಯಲ್ಲಿ ಅವರಿಗೆ ಅಲ್ಲಲ್ಲಿ ಎಸಿ ಹಾಕಿದ ಕೋಣೆ ಕಟ್ಟಿಸಿದ್ದಾರೆ, ಒಳ್ಳೆಯದೇ. ಆದರೆ ಕೈಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್ ಇಟ್ಟುಕೊಂಡು ಬಿರಿಯಾನಿ ಹೊರಲಿಕ್ಕೆ ಯಾಕೆ ಬರುತ್ತೀ ಮಾರಾಯ?

ಇನ್ನು ಫ್ರೀ ವೀಸಾ. ಆ ಹೆಸರಿನ ವೀಸಾ ಇಲ್ಲಿಯ ಯಾವ ಸರ್ಕಾರಿ ಪಟ್ಟಿಯಲ್ಲೂ ಇಲ್ಲ. ಒಬ್ಬನಿಗೆ ಸಣ್ಣ ಅಂಗಡಿಯೋ ಕ್ಲೀನಿಂಗ್ ಕಂಪನಿಯೋ ಇರುತ್ತದೆ. ಅದರ ಲೆಕ್ಕದಲ್ಲಿ ಎಂಟು ಹತ್ತು ವೀಸಾ ಸಿಗುತ್ತದೆ. ಅವನಿಗೆ ಬೇಕಾದದ್ದು ಇಬ್ಬರು. ಉಳಿದದ್ದನ್ನು ಮಾರುತ್ತಾನೆ. ಕಾಗದದಲ್ಲಿ ನೀನು ಅವನ ಕ್ಲೀನರ್. ಹೊರಗೆ ಸಿಕ್ಕಿದವರ ಹತ್ತಿರ ದಿನಗೂಲಿ. ಇಲ್ಲಿ 2009ರಿಂದ ಸಂಬಳ ಬ್ಯಾಂಕಿನ ಮೂಲಕವೇ ಬರಬೇಕು ಅಂತ ವ್ಯವಸ್ಥೆ ಉಂಟು. ಹಾಗಾಗಿ ಕೆಲವರು ಎಂತ ಮಾಡುತ್ತಾರೆ ಅಂದರೆ, ತಿಂಗಳು ತಿಂಗಳು ನಿನ್ನಿಂದಲೇ ನಗದು ತೆಗೆದುಕೊಂಡು ಅದನ್ನೇ ನಿನ್ನ ಕಾರ್ಡಿಗೆ ಸಂಬಳ ಅಂತ ಹಾಕುತ್ತಾರೆ. ನಿನ್ನ ದುಡ್ಡೇ ನಿನಗೆ ಸಂಬಳ! ಎರಡು ವರ್ಷ ಆದ ಮೇಲೆ ರಿನ್ಯೂವಲ್ ಅಂತ ಮತ್ತೆ ಹಣ ಕೇಳುತ್ತಾನೆ. ಕೊಡದಿದ್ದರೆ ಕೆಲಸಗಾರ ಓಡಿಹೋಗಿದ್ದಾನೆ ಅಂತ ಒಂದು ಅರ್ಜಿ ಹಾಕಿದರಾಯಿತು. ಹೊರಗೆ ಕೆಲಸ ಕೊಟ್ಟವನಿಗೂ ಈಗ ಹೆದರಿಕೆ. ಪರ್ಮಿಟ್ ಇಲ್ಲದವರನ್ನು ದುಡಿಸಿದರೆ 2024ರಿಂದ ಕನಿಷ್ಠ 1 ಲಕ್ಷ ದಿರ್ಹಮ್ ದಂಡ, 10 ಲಕ್ಷದವರೆಗೂ ಹೋಗುತ್ತದೆ. ಆ ಹೆದರಿಕೆಯನ್ನು ಅವನು ನಿನ್ನ ಕೂಲಿಯಲ್ಲಿ ಕಳೆಯುತ್ತಾನೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ ನಾನು ಬಂದದ್ದೂ ಅದರಲ್ಲೇ. 2004ರಲ್ಲಿ. ಆಗ ಮಂಗಳೂರಿನ ಬಜಪೆಯಿಂದ ದುಬೈಗೆ ವಿಮಾನ ಇರಲಿಲ್ಲ. ಬಸ್ಸಿನಲ್ಲಿ ಮುಂಬೈಗೆ ಹೋಗಿ ಏಜೆಂಟನ ರೂಮಿನಲ್ಲಿ 19 ದಿನ ಮಲಗಿದ್ದೆ. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ಬಂದವನು. ಇಲ್ಲಿ ಶಾರ್ಜಾದ ರೋಲಾ ಹತ್ತಿರ ಬೆಳಿಗ್ಗೆ ಐದಕ್ಕೆ ನಿಲ್ಲುತ್ತಿದ್ದೆವು. ಪಿಕಪ್ ಬಂದು ನಿಂತರೆ ಎಲ್ಲರೂ ಓಡುವುದು. ಡ್ರೈವರ್ ತೋಳು ಮುಟ್ಟಿ ನೋಡಿ ಹತ್ತಿಸುತ್ತಿದ್ದ, ಕೋಳಿ ಅಂಕಕ್ಕೆ ಹುಂಜ ಆರಿಸಿದ ಹಾಗೆ. ದಿನಕ್ಕೆ 45 ದಿರ್ಹಮ್. ಆಗ ಒಂದು ದಿರ್ಹಮಿಗೆ 12 ರೂಪಾಯಿ. ಊರಿಗೆ ಫೋನ್ ಮಾಡುವಾಗ ಕಂಪನಿಯಲ್ಲಿದ್ದೇನೆ ಅನ್ನುತ್ತಿದ್ದೆ. ಯಾವ ಕಂಪನಿ ಅಂತ ಅಪ್ಪ ಕೇಳಿದರೆ ಲೈನ್ ಸರಿ ಇಲ್ಲ ಅಂತ ಇಟ್ಟುಬಿಡುವುದು.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು, ನಿಮ್ಮ ಮನೆಯಲ್ಲೂ ಕಟ್ಟುತ್ತಿದ್ದರಲ್ವಾ? ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುವಾಗ ಅಮ್ಮನ ಚೀಲದಲ್ಲಿ ಬೀಡಿಯ ಜೊತೆ ಒಂದು ಪುಸ್ತಕ ಇರುತ್ತಿತ್ತು. ಎಷ್ಟು ಸಾವಿರ ಕೊಟ್ಟರು, ಎಷ್ಟು ಎಲೆ ತಂದರು, ಎಲ್ಲ ಅದರಲ್ಲಿ. ಬ್ರಾಂಚಿನವರು ಬರೆಯಲು ಮರೆತರೆ ಅಮ್ಮ ಕಟ್ಟೆಯಿಂದ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಕೂತು ಕಟ್ಟುವವರನ್ನೂ 1966ರ ಬೀಡಿ ಕಾಯ್ದೆ ಕಾರ್ಮಿಕರು ಅಂತಲೇ ಲೆಕ್ಕ ಹಿಡಿದಿತ್ತು. ಅಮ್ಮನಿಗೆ ಪಿಎಫ್ ಕೂಡ ಬಂತು. ನಾನು ವಿಮಾನ ಹತ್ತಿ ವಿದೇಶಕ್ಕೆ ಬಂದವನು, ಊರಲ್ಲಿ ನನಗೆ ಗಲ್ಫಿನವ ಅಂತ ಮರ್ಯಾದೆ. ಮೂರು ವರ್ಷ ನಾನು ದುಡಿದದ್ದಕ್ಕೆ ಒಂದು ಚೀಟಿ ಇಲ್ಲ. ತಡ್ಪೆ, ಅಂದರೆ ಮೊರ, ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತ ಅಮ್ಮನದ್ದೇ ನನ್ನದಕ್ಕಿಂತ ಗಟ್ಟಿ ಕೆಲಸ.

ನನ್ನ ಮಗಳು ಕಾಲೇಜಿಗೆ ಓದುತ್ತಾಳೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿ ಒಂದನ್ನು ಓದಿ ಹೇಳಿದಳು. ಜಗತ್ತಿನಲ್ಲಿ ದುಡಿಯುವ ಹತ್ತು ಜನರಲ್ಲಿ ಆರು ಜನ ಹೀಗೆ ಭದ್ರತೆ ಇಲ್ಲದ ಕೆಲಸದಲ್ಲೇ ಇದ್ದಾರಂತೆ, 200 ಕೋಟಿ ಜನ. ಹೌದಾ ಅಂದೆ. ಅವಳಿಗೆ ಅದು ಲೆಕ್ಕ. ನನಗೆ ರೋಲಾದ ಬೆಳಿಗ್ಗೆ ಕಣ್ಣ ಮುಂದೆ ಬಂತು.

ಇಷ್ಟೇ ಆಗಿದ್ದರೆ ನಿನಗೆ ಇಷ್ಟುದ್ದ ಬರೆಯುತ್ತಿರಲಿಲ್ಲ. ನಾನು ಪಾರಾದೆ. ಎಸಿ ಡಕ್ಟ್ ಕೆಲಸ ಕಲಿತೆ, ಸರಿಯಾದ ವೀಸಾ ಸಿಕ್ಕಿತು, ಫೋರ್‌ಮನ್ ಆದೆ. 2012ರ ಜುಲೈಯಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ಹುಡುಗ ವಿಸಿಟ್ ವೀಸಾದಲ್ಲಿ ಬಂದ. ನನ್ನ ಅತ್ತೆ ಮನೆಯವರ ಪರಿಚಯ. ಸೈಟಿನಲ್ಲಿ ಜನ ಕಡಿಮೆ ಇದ್ದರು. ಟ್ರಯಲ್ ಮಾಡು, ಆಮೇಲೆ ವೀಸಾ ಮಾಡಿಸುವ ಅಂತ ನಾನೇ ಕರೆದುಕೊಂಡು ಹೋದೆ. ಮೇಲಿನ ಕಾಂಟ್ರಾಕ್ಟರ್ ಸರಿ ಅಂದ, ಬಾಯಿಮಾತು. ದಿನಕ್ಕೆ 60 ದಿರ್ಹಮ್. ಹುಡುಗ 41 ದಿನ ದುಡಿದ. ರಂಜಾನ್ ತಿಂಗಳು, ಆ ಸೆಕೆ, ಫಾಲ್ಸ್ ಸೀಲಿಂಗಿನ ಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡು ಮಾಡುವ ಕೆಲಸ. ಒಂದು ದಿನ ಆಗುವುದಿಲ್ಲ ಅನ್ನಲಿಲ್ಲ. ನಾನು ದಿನ ದಿನದ ಲೆಕ್ಕ ಜೇಬಿನ ಡೈರಿಯಲ್ಲಿ ಬರೆಯುತ್ತಿದ್ದೆ. 2,460 ಆಯಿತು. ನಡುವೆ 500 ಕೊಡಿಸಿದ್ದೆ. ಉಳಿದದ್ದು 1,960.

ಅದು ಬರಲಿಲ್ಲ. ಇವತ್ತು, ನಾಳೆ, ಬಿಲ್ ಪಾಸಾಗಲಿ ಅಂತ ಕಾಂಟ್ರಾಕ್ಟರ್ ಸೆಪ್ಟೆಂಬರ್ ತನಕ ಎಳೆದ. ಅಷ್ಟರಲ್ಲಿ ಹುಡುಗನ ವೀಸಾ ಮುಗಿಯಿತು, ದಿನಾ ದಂಡ ಏರುತ್ತಾ ಹೋಯಿತು. ಇಂಥವರಿಗೆ ಇಲ್ಲಿ ಖಲ್ಲಿವಲ್ಲಿ ಅನ್ನುತ್ತಾರೆ. ಬಿಟ್ಟುಬಿಡು ಅಂತ ಅರ್ಥ ಬರುವ ಅರಬ್ಬಿ ಮಾತು. ಕಾಗದ ಇಲ್ಲದ ಮನುಷ್ಯನಿಗೆ ಅದೇ ಹೆಸರು. ಅವನು ರೂಮಿನಿಂದ ಹೊರಗೆ ಬರುವುದನ್ನೇ ಬಿಟ್ಟ. ಒಂದು ರಾತ್ರಿ ಕೇಳಿದ, ಅಣ್ಣ, ಲೇಬರ್ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಟ್ಟರೆ ಹೇಗೆ?

ನಾನು ಬೇಡ ಅಂದೆ.

ನಿನ್ನ ಹತ್ತಿರ ಎಂತ ದಾಖಲೆ ಉಂಟು, ವಿಸಿಟ್ ವೀಸಾದಲ್ಲಿ ದುಡಿದದ್ದಕ್ಕೆ ನಿನ್ನನ್ನೇ ಹಿಡಿಯುತ್ತಾರೆ ಅಂದೆ. ಅದು ಸುಳ್ಳಲ್ಲ. ಆದರೆ ನಾನು ಹೇಳಿದ್ದು ಅದಕ್ಕಲ್ಲ. ಅವನನ್ನು ಸೈಟಿಗೆ ಕರೆದುಕೊಂಡು ಬಂದದ್ದು ಯಾರು ಅಂತ ಕೇಳಿದರೆ ನನ್ನ ಹೆಸರು ಬರುತ್ತಿತ್ತು. ಹೆಂಡತಿ, ಮಗಳನ್ನು ಕರೆಸಿಕೊಂಡು ಆಗಿನ್ನೂ ನಾಲ್ಕು ತಿಂಗಳು ಆಗಿತ್ತು. ದಾಖಲೆ ನನ್ನ ಜೇಬಿನಲ್ಲೇ ಇತ್ತು. 41 ದಿನ, ತಾರೀಕಿನ ಸಮೇತ, ನನ್ನದೇ ಕೈಬರಹ.

ಡಿಸೆಂಬರಿನಲ್ಲಿ ಇಲ್ಲಿಯ ಸರ್ಕಾರ ಎರಡು ತಿಂಗಳ ಕ್ಷಮಾದಾನ ಕೊಟ್ಟಿತು. ದಂಡ ಕಟ್ಟದೆ ಊರಿಗೆ ಹೋಗಬಹುದು ಅಂತ. ರೂಮಿನವರೆಲ್ಲ ಸೇರಿ ಟಿಕೆಟ್ ತೆಗೆದುಕೊಟ್ಟರು. ನಾನೂ 200 ಹಾಕಿದೆ. ಹಾಕಿದವರಲ್ಲಿ ನನ್ನದೇ ಜಾಸ್ತಿ ಅಂತ ಎಲ್ಲರೂ ಹೊಗಳಿದರು ಕೂಡ.

ಈಗ ಅವನು ಊರಲ್ಲಿ ಅಡಿಕೆ ಸುಲಿಸುತ್ತಾನೆ, ಒಂದು ಪಿಕಪ್ ಇಟ್ಟಿದ್ದಾನೆ, ಚೆನ್ನಾಗಿಯೇ ಇದ್ದಾನೆ. ರಜೆಗೆ ಹೋದಾಗ ಎರಡು ಸಲ ಅವನ ಮನೆಗೆ ಹೋದೆ, ಜೇಬಿನಲ್ಲಿ ಹಣ ಇಟ್ಟುಕೊಂಡೇ. ಅವನ ಅಮ್ಮ ಎಳನೀರು ಕೊಟ್ಟರು. ಅಡಿಕೆ ರೇಟು, ಕೊಳೆರೋಗ, ಮಳೆ ಅಂತ ಮಾತಾಡಿ ಎದ್ದು ಬಂದೆ. ಈಗಿನ ಲೆಕ್ಕಕ್ಕೆ ಅದೆಷ್ಟು ದೊಡ್ಡ ಮೊತ್ತ ಹೇಳು? ರಜೆಗೆ ಹೋಗುವಾಗ ಚಾಕೊಲೇಟು, ಅತ್ತರಿಗೇ ಅದರ ಅರ್ಧ ಹೋಗುತ್ತದೆ. ಕೊಟ್ಟರೆ ಅವತ್ತು ರಾತ್ರಿ ಹೇಳಿದ್ದರ ಬಗ್ಗೆಯೂ ಮಾತಾಡಬೇಕಾಗುತ್ತದೆ. ಅವನು ಇನ್ನೂ ನನ್ನನ್ನು ಅಣ್ಣ ಅಂತಲೇ ಕರೆಯುತ್ತಾನೆ.

ಡೈರಿ ಈಗಲೂ ಉಂಟು, ಕಪಾಟಿನಲ್ಲಿ.

ಸರಿ, ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಎಸ್ಸೆಸ್ಸೆಲ್ಸಿ ಪಾಸಾದವನು, ಹಾಗಾಗಿ ನಿನ್ನ ಪಾಸ್‌ಪೋರ್ಟಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ದುಡಿಯಲು ಹೋಗುವ ಮೊದಲು ನಮ್ಮ ಸರ್ಕಾರದ ಒಪ್ಪಿಗೆ, ಬೇಕಾಗುವುದಿಲ್ಲ. ಅದು ಒಳ್ಳೆಯದು ಅಂತ ಏಜೆಂಟ್ ಹೇಳಿರಬಹುದು. ಅದರ ಇನ್ನೊಂದು ಅರ್ಥ, ನಿನ್ನ ಕಾಗದವನ್ನು ಊರಲ್ಲಿ ಯಾರೂ ತಿರುವಿ ನೋಡುವುದಿಲ್ಲ. ನೀನೇ ನೋಡಬೇಕು. ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಉಂಟು, ಅವನ ಹೆಸರು ಹುಡುಕು. ಅಂಥ ಏಜೆಂಟ್ ನಿನ್ನಿಂದ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30 ಸಾವಿರ ಮತ್ತು ಜಿಎಸ್‌ಟಿ. ಇಲ್ಲಿಯ ಕಾನೂನಿನ ಪ್ರಕಾರವೂ ಕೆಲಸಕ್ಕೆ ಕರೆಸುವ ಖರ್ಚು ಕಂಪನಿಯದ್ದು, ನಿನ್ನದಲ್ಲ. ಕಂಪನಿ ನಿನ್ನ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗೂ ಇಲ್ಲ. ಹಾಗಾದರೆ 1 ಲಕ್ಷ 40 ಸಾವಿರ ಯಾವುದಕ್ಕೆ ಅಂತ ಅವನನ್ನು ಕೇಳು, ಸಿಟ್ಟು ಮಾಡಬೇಡ, ಸುಮ್ನೆ ಕೇಳು.

ಸರಿಯಾದ ಕೆಲಸ ಆದರೆ ಮೊದಲು ಇಲ್ಲಿಯ ಕಾರ್ಮಿಕ ಇಲಾಖೆಯ ಆಫರ್ ಲೆಟರ್ ಬರುತ್ತದೆ. ಯಾವ ಕೆಲಸ, ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಅಂತ ಅದರಲ್ಲಿರುತ್ತದೆ. ಸಹಿ ಹಾಕುವ ಮೊದಲು ಮೂಲ ಸಂಬಳದ ಸಾಲು ನೋಡು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಅದರ ಲೆಕ್ಕದಲ್ಲೇ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು. ಲೆಟರ್ ಅರಬ್ಬಿ, ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲೂ ಸಿಗುತ್ತದೆ. ಆ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು ಎಲ್ಲ ಉಂಟು, ಕನ್ನಡ ಇಲ್ಲ. ನಾವು ಇಷ್ಟು ಜನ ಇಲ್ಲಿದ್ದೂ ಅದೊಂದು ಆಗಲಿಲ್ಲ. ಇರಲಿ, ನೀನು ಇಂಗ್ಲಿಷಿನದ್ದೇ ತರಿಸಿಕೋ, ಓದಿ ಹೇಳುತ್ತೇನೆ.

ನಮ್ಮ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಬೇಕಾಗುತ್ತಾರಾ ಅಂತ ನೀನು ಕೇಳಲಿಲ್ಲ, ಸಂಕೋಚ ಇರಬಹುದು. ವಿಚಾರಿಸುತ್ತೇನೆ. ಆದರೆ ಲೆಟರ್ ಬರುವ ಮೊದಲು ನನ್ನ ಮಾತಿನ ಮೇಲೆ ನೀನು ಟಿಕೆಟ್ ಮಾಡಬೇಡ. ನಾನೇ ಬಾ ಅಂದರೂ ಮಾಡಬೇಡ.

ತರುವುದಕ್ಕೆ ಜಾಸ್ತಿ ಎಂತ ಬೇಡ. ನಿನ್ನ ಸರ್ಟಿಫಿಕೇಟಿನ ಮೂಲ ಪ್ರತಿ, ಎರಡು ಕಾಟನ್ ಲುಂಗಿ, ಅಮ್ಮ ಹಾಕಿದ ಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ನಿನ್ನ ಬ್ಯಾಗಿನಲ್ಲಿ ಸೋರದ ಹಾಗೆ ಕಟ್ಟು, ಅರ್ಧ ನನಗೆ.

ಏಜೆಂಟಿಗೆ ಗುರುವಾರ ಅಡ್ವಾನ್ಸ್ ಕೊಡಬೇಕು ಅಂದಿದ್ದೀಯಲ್ಲ. ಬುಧವಾರ ರಾತ್ರಿ ಫೋನ್ ಮಾಡು. ನಾನು ಮನೆಗೆ ಬರುವಾಗ ಹತ್ತು ಆಗುತ್ತದೆ, ನಿಮಗೆ ಹನ್ನೊಂದೂವರೆ. ಎಚ್ಚರ ಇರು.