ಹಸಿರು ಕೆಸರಾಗದಿರಲು

ನಮಸ್ಕಾರ. ಕಾಲೇಜಿನಲ್ಲಿ ಚಿತ್ರಕಲೆಯ ಮೊದಲ ವರ್ಷದಲ್ಲಿದ್ದೀರಿ, ಜಲವರ್ಣದಲ್ಲಿ ಅಲ್ಟ್ರಾಮರೀನ್ ನೀಲಿಗೆ ಗಾಢ ಹಳದಿ ಬೆರೆಸಿ ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟ ಬರೆದರೆ ಹಸಿರೆಲ್ಲ ಏಕೆ ಕೆಸರಾಗುತ್ತದೆ ಎಂದು ಕೇಳಿದ್ದೀರಿ. ತುಮಕೂರಿನಲ್ಲಿಯೇ ಕಲಿತವನಾದ್ದರಿಂದ ಉತ್ತರಿಸದೆ ಇರಲಾಗಲಿಲ್ಲ.

ಅಲ್ಟ್ರಾಮರೀನ್‌ನಲ್ಲಿ ಕೆಂಪಿನ ಛಾಯೆ ಇದೆ. ಗಾಢ ಹಳದಿಯೂ ಕಿತ್ತಳೆಯ ಕಡೆಗೆ ವಾಲುತ್ತದೆ. ಎರಡೂ ಸೇರಿದಾಗ ಒಳಗಿರುವ ಕೆಂಪು ಹಸಿರನ್ನು ಮಂಕಾಗಿಸುತ್ತದೆ. ಅದರ ಬದಲು ನಿಂಬೆ ಹಳದಿಗೆ, ಹಸಿರಿನ ಕಡೆಗೆ ವಾಲುವ ಥ್ಯಾಲೊ ನೀಲಿಯನ್ನು ಕುಂಚದ ತುದಿಯಷ್ಟು ಮಾತ್ರ ಬೆರೆಸಿ ನೋಡಿ. ಥ್ಯಾಲೊ ಬಲು ತೀಕ್ಷ್ಣ ಬಣ್ಣ, ತುಸು ಹೆಚ್ಚಾದರೂ ಎಲ್ಲವನ್ನೂ ನುಂಗಿಬಿಡುತ್ತದೆ. ಹದ ಸಿಕ್ಕರೆ ಎಳೆಯ ರಾಗಿ ಪೈರಿನ ಹಸಿರೇ ತಟ್ಟೆಯಲ್ಲಿ ಮೂಡುತ್ತದೆ. ಹಾಗೆಂದು ಮಂಕು ಹಸಿರನ್ನು ಚೆಲ್ಲಬೇಡಿ, ಬೇಸಿಗೆಯ ಕುರುಚಲು ಕಾಡಿಗೆ ಅದೇ ಬೇಕು.

ಅವಸರವೂ ಕೆಸರಿಗೆ ಕಾರಣ. ಮೊದಲ ಪದರ ಅರೆಬರೆ ಒಣಗಿದಾಗ ಕುಂಚ ಆಡಿಸಿದರೆ ಕೆಳಗಿನ ಬಣ್ಣ ಎದ್ದು ಕಲಸಿಹೋಗುತ್ತದೆ. ಹಿಂಗೈಯನ್ನು ಕಾಗದಕ್ಕೆ ಮೆಲ್ಲಗೆ ತಾಕಿಸಿ. ತಣ್ಣಗಿದ್ದರೆ ಇನ್ನೂ ಹಸಿಯಿದೆ, ಕಾಯಿರಿ.

ಕಾಗದ 300 ಜಿಎಸ್‌ಎಂನದಾಗಿರಲಿ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ಬಣ್ಣಗಳು ಆರೇ ಇದ್ದರೂ ಸಾಕು.

ಮೇಷ್ಟ್ರು ಕಪ್ಪಿನಿಂದ ಬಿಳಿಯವರೆಗೆ ಬೂದುಪಟ್ಟಿ ಬರೆಸಿದರೆ ದಯವಿಟ್ಟು ಬೇಸರಿಸಬೇಡಿ, ಬಣ್ಣದ ತಿಳಿ-ಗಾಢ ಹಂತಗಳನ್ನು ಗುರುತಿಸಲು ಕಣ್ಣು ಪಳಗುವುದು ಹಾಗೆಯೇ. ಒಂದು ಸಂಜೆ ಅಮಾನಿಕೆರೆಯ ಬಳಿ ಕುಳಿತು, ಒಂದೇ ಬಣ್ಣದ ಐದು ಹಂತಗಳಲ್ಲಿ ನೀರು, ಮರ, ಆಕಾಶ ಬರೆಯಿರಿ. ಅದನ್ನು ಇಲ್ಲಿ ಹಾಕಿದರೆ ಖಂಡಿತ ನೋಡಿ ಹೇಳುತ್ತೇನೆ.