ಟ್ರ್ಯಾಕರ್ ಆಮೇಲೆ, ಮೊದಲು ಆ 30 ಸೆಕೆಂಡ್ ಬಿಡಿ

ಕನಕಪುರ ಕಡೆಯ ರೆಸಾರ್ಟ್‌ನವರು ಲಾಬಿಗೆ 20 ಇಂಟು 30 ಇಂಚಿನ ಪ್ರಿಂಟ್ ಕೇಳಿದ್ದಾರೆ, ಚಿಕ್ಕಬಳ್ಳಾಪುರದ ಆಚೆ ತೆಗೆದ ಆಕಾಶಗಂಗೆ ಜೂಮ್ ಮಾಡಿದ್ರೆ ಮಸುಕು, ಯಾವ ಟ್ರ್ಯಾಕರ್ (ನಕ್ಷತ್ರದ ಜೊತೆಗೇ ಕ್ಯಾಮೆರಾ ತಿರುಗಿಸೋ ಯಂತ್ರ) ತಗೊಳ್ಳಲಿ ಅಂತ ಕೇಳಿದ್ದೀರಿ. ಈಗಲೇ ಬೇಡ ಸರ್. ಎಕ್ಸಿಫ್ (ಫೋಟೋ ಫೈಲಲ್ಲೇ ಇರೋ ಸೆಟ್ಟಿಂಗ್ ವಿವರ) ನೋಡಿದೆ: 24 ಮೆಗಾಪಿಕ್ಸೆಲ್ ಕ್ರಾಪ್ ಬಾಡಿ (ಚಿಕ್ಕ ಸೆನ್ಸರಿನ ಕ್ಯಾಮೆರಾ), 18 ಎಂಎಂ, ಎಫ್ 2.8, 30 ಸೆಕೆಂಡ್. ಪ್ರತಿ ಸೀಸನ್ನಲ್ಲೂ ಗುಂಪಲ್ಲಿ ಇದೇ ತಪ್ಪು. ಅಷ್ಟು ಹೊತ್ತಿಗೆ ಕೋರ್ (ಆಕಾಶಗಂಗೆಯ ನಡುವಿನ ದಟ್ಟ ಭಾಗ) ಹತ್ತಿರದ ನಕ್ಷತ್ರ ಒಂಬತ್ತು ಪಿಕ್ಸೆಲ್ ಜರುಗುತ್ತೆ, ನಿಮ್ಮ ಪ್ರಿಂಟಲ್ಲಿ ಅದು ಒಂದು ಮಿಲಿಮೀಟರ್ ದಾಟಿದ ಗೆರೆ. 500 ರೂಲ್ (ಲೆನ್ಸಿನ ಎಂಎಂಗೆ ಕ್ರಾಪ್‌ನ 1.5 ಗುಣಿಸಿ, ಅದರಿಂದ 500ನ್ನ ಭಾಗಿಸೋದು) ಹಾಕಿದ್ರೂ 18 ಸೆಕೆಂಡ್ ಬರುತ್ತೆ, ಈಗಿನ ಸೆನ್ಸರ್‌ಗೆ ಅದೂ ಸಡಿಲ. 12ಕ್ಕೆ ನಿಲ್ಲಿಸಿ.

ಐಎಸ್‌ಒ 3200ರಲ್ಲಿ 12 ಸೆಕೆಂಡಿನ 16 ರಾ ಫ್ರೇಮ್ (ಕ್ಯಾಮೆರಾದ ಮೂಲ ಫೈಲ್), ಬಿಡುವಿಲ್ಲದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಇಲ್ಲಾಂದ್ರೆ ಪ್ರತಿ ಫ್ರೇಮ್ ಆದಮೇಲೆ ಇನ್ನೊಂದು 12 ಸೆಕೆಂಡ್ ಕ್ಯಾಮೆರಾ ಸುಮ್ನೆ ಕೂರುತ್ತೆ. ಬದಲಿಗೆ ಕೊನೆಗೆ ಕ್ಯಾಪ್ ಹಾಕಿ ಅದೇ ಸೆಟ್ಟಿಂಗಲ್ಲಿ ಹತ್ತು ಡಾರ್ಕ್ ಫ್ರೇಮ್ (ಸೆನ್ಸರಿನ ನಾಯ್ಸ್ ಮಾತ್ರ ಇರೋ ಕಪ್ಪು ಫ್ರೇಮ್) ತಗೊಳ್ಳಿ. ಸೀಕ್ವೇಟರ್‌ನಲ್ಲಿ (ವಿಂಡೋಸ್‌ಗೆ ಪುಕ್ಕಟೆ) ಸ್ಟ್ಯಾಕ್ ಮಾಡಿದ್ರೆ, ಅಂದ್ರೆ ಎಲ್ಲಾ ಫ್ರೇಮ್ ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದ್ರೆ, ನಾಯ್ಸ್ (ಕಾಳು ಕಾಳು) ಕಾಲು ಭಾಗಕ್ಕೆ ಇಳಿಯುತ್ತೆ. ಫೋಟೋದಲ್ಲಿ ಕಾಣೋ ನೆಲದ ಭಾಗಕ್ಕೆ, ಟ್ರೈಪಾಡ್ ಅಲುಗಿಸದೆ, ಐಎಸ್‌ಒ 800ರಲ್ಲಿ ಎರಡು ನಿಮಿಷದ ಒಂದು ಫ್ರೇಮ್ ಬೇರೆ.

ಇಷ್ಟೆಲ್ಲ ಮಾಡಿದ್ರೂ ಫೋಕಸ್ ತಪ್ಪಿದ್ರೆ ದಂಡ, ನಿಮ್ಮದು ತಪ್ಪಿದೆ. ಲೆನ್ಸ್ ಮೇಲಿನ ಇನ್ಫಿನಿಟಿ ಗುರುತನ್ನ ನಂಬಬೇಡಿ ಅಂತ ಎಷ್ಟು ಸಲ ಹೇಳೋದು! ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ, ಅಂಟಾರೆಸ್ ಅಥವಾ ವೇಗಾ ಹಿಡಿದು, ಚುಕ್ಕಿ ಅತಿ ಚಿಕ್ಕದಾಗೋವರೆಗೂ ರಿಂಗ್ ತಿರುಗಿಸಿ. ಅದನ್ನು ದಾಟಿ ಸ್ವಲ್ಪ ಮುಂದೆ ಹೋಗಿ ವಾಪಸ್ ಬನ್ನಿ, ಆಗಲೇ ಸರಿಯಾದ ಜಾಗ ಗೊತ್ತಾಗೋದು. ಆಮೇಲೆ ಫೋಕಸ್ ರಿಂಗ್, ಜೂಮ್ ರಿಂಗ್ ಎರಡಕ್ಕೂ ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪ್. ಸೆಲ್ಲೋ ಟೇಪ್ ಬೇಡ, ಗೋಂದು ಬಿಡುತ್ತೆ. ಬೆಳಗಿನ ಜಾವ ಚಳಿ ಏರಿದಾಗ ಇನ್ನೊಮ್ಮೆ ನೋಡಿ. ಮುಂದಿನ ಗಾಜಿಗೆ ಇಬ್ಬನಿ ಕೂತಿದ್ರೂ ಫೋಕಸ್ ಹೋದ ಹಾಗೇ ಕಾಣುತ್ತೆ. ಅದಕ್ಕೆ ಪವರ್ ಬ್ಯಾಂಕಿಗೆ ಹಾಕೋ, ಲೆನ್ಸ್ ಬೆಚ್ಚಗಿಡೋ ಡ್ಯೂ ಹೀಟರ್ ಪಟ್ಟಿ ಸಾಕು. ಬಟ್ಟೆಯಲ್ಲಿ ಒರೆಸಿದ್ರೆ ಎರಡು ನಿಮಿಷಕ್ಕೆ ಮತ್ತೆ ಕೂರುತ್ತೆ.

ಜಾಗ ಆರಿಸಿದ್ದೂ ಉಲ್ಟಾ. ಕೋರ್ ಇರೋದು ದಕ್ಷಿಣಕ್ಕೆ, ನಮ್ಮಲ್ಲಿ ಹೆಚ್ಚೆಂದರೆ 48 ಡಿಗ್ರಿ ಎತ್ತರಕ್ಕೆ ಬರುತ್ತೆ. ಚಿಕ್ಕಬಳ್ಳಾಪುರದಿಂದ ನೋಡಿದ್ರೆ ಅದರ ಕೆಳಗೇ ಇಡೀ ಬೆಂಗಳೂರಿನ ಬೆಳಕು. ಸ್ಟ್ಯಾಕ್ ಮಾಡಿದ್ರೆ ಈ ಬೆಳಕು ಹೋಗಲ್ಲ, ನೈಟ್ ಫಿಲ್ಟರಿಗೂ ದುಡ್ಡು ಹಾಕಬೇಡಿ. ಅದು ಸೋಡಿಯಂ ದೀಪದ ಹಳದಿಗೆ ಮಾಡಿದ್ದು, ಎಲ್‌ಇಡಿಗೆ ಅಷ್ಟಕ್ಕಷ್ಟೆ. ರೆಸಾರ್ಟ್ ಅಂಗಳದಲ್ಲೇ ದೀಪ ಆರಿಸೋಕೆ ಹೇಳಿ ತೆಗೀರಿ, ಊರು ಬೆನ್ನ ಹಿಂದೆ ಬೀಳುತ್ತೆ. ಕಾಡಿನ ರಸ್ತೆ ಬದಿ ರಾತ್ರಿ ನಿಲ್ಲಬೇಡಿ, ಅದು ಆನೆ ಓಡಾಡೋ ಜಾಗ.

ಟ್ರ್ಯಾಕರ್ ತಗೊಂಡೇ ತಗೋತೀನಿ ಅಂದ್ರೆ ಸ್ಟಾರ್ ಅಡ್ವೆಂಚರರ್ ಅನ್ನೋ ಮಾಡೆಲ್ ಒಳ್ಳೇದೇ, 5 ಕೆಜಿವರೆಗೆ ಹೊರುತ್ತೆ. ಆದ್ರೆ ಇಲ್ಲಿ ಧ್ರುವ ನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿ, ಕನಕಪುರದಿಂದ ನೋಡಿದ್ರೆ ಅದೂ ಊರಿನ ಬೆಳಕಲ್ಲೇ. ಟ್ರ್ಯಾಕರನ್ನ ಅದರ ಕಡೆ ಗುರಿಯಿಟ್ಟು ಅಲೈನ್ ಮಾಡೋದ್ರಲ್ಲೇ ಅರ್ಧ ರಾತ್ರಿ ಹೋಗುತ್ತೆ. 50 ಎಂಎಂ ಮೇಲಿನ ಲೆನ್ಸಿಗೆ ಹೋಗೋ ದಿನ ತಗೊಳ್ಳಿ.

ಇನ್ನೊಂದು, ಯಾರೂ ಹೇಳಲ್ಲ. ದುಡ್ಡು ಕೊಟ್ಟು ರೆಸಾರ್ಟ್‌ನವರೇ ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕುದಾರರು ಅವರೇ. ವಾಟ್ಸಾಪಲ್ಲಿ "ಓಕೆ ಸರ್" ಅಂದು ಹೊರಡಬೇಡಿ. ಹಕ್ಕು ನಿಮ್ಮದು, ಅವರಿಗೆ ಲಾಬಿಯ ಒಂದು ಪ್ರಿಂಟ್ ಮಾತ್ರ, ಬ್ರೋಷರಿಗೆ ಬೇರೆ ರೇಟು, ರಾ ಫೈಲ್ ಕೊಡಲ್ಲ, ಇಷ್ಟನ್ನೂ ಅಡ್ವಾನ್ಸ್ ಮುಟ್ಟೋ ಮೊದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.